ರಸೀದಿಯಿಲ್ಲದ ಒತ್ತೆ

ಗಿರವಿ ಅಂಗಡಿಯ ರೀತಿನೀತಿ ನಮ್ಮಲ್ಲಿ ಬಹುಮಂದಿಗೆ ತಿಳಿದದ್ದೇ ಆಗಿದೆ. ಕಷ್ಟಕ್ಕೆ ಸಿಕ್ಕಿದವನೊಬ್ಬನು ಕಾಲ್ಗಡಗವನ್ನೋ ಹಿತ್ತಾಳೆಯ ಕೊಡವನ್ನೋ ತಂದು ಒತ್ತೆಯಿಟ್ಟಾಗ, ಅಂಗಡಿಯವನು ಅದನ್ನು ತೂಗಿ, ಅದರ ಗುರುತುಗಳನ್ನು ಪುಸ್ತಕದಲ್ಲಿ ಬರೆದು, ಚೀಟಿಯೊಂದನ್ನು ಒತ್ತೆಯಿಟ್ಟವನ ಕೈಗೆ ಕೊಡುತ್ತಾನೆ. ಅದೇ ಅಂಕೆಯ ಇನ್ನೊಂದು ಚೀಟಿಯನ್ನು ವಸ್ತುವಿಗೆ ಕಟ್ಟಿ ಪೆಟ್ಟಿಗೆಯಲ್ಲಿರಿಸುತ್ತಾನೆ. ಬಡ್ಡಿಯ ವಿಷಯದಲ್ಲಿ ಆತನು ಎಷ್ಟೇ ನಿಷ್ಠುರನಾಗಿರಲಿ, ಯಾವ ವಸ್ತು ಯಾರದೆಂಬುದನ್ನು ಮರೆಯುವಂತಿಲ್ಲ. ಮರೆತನೆಂದರೆ ಪೇಟೆಯಲ್ಲಿ ಅವನ ಮಾತಿಗೆ ಬೆಲೆಯಿರದು. ವಸ್ತುವಿನ ವಿಷಯದಲ್ಲಿ ಸಾಮಾನ್ಯ ವ್ಯವಹಾರಸ್ಥನೂ ಪಾಲಿಸುವ ಈ ನಿಯಮವನ್ನು, ಸಂಪದ್ಭರಿತ ರಾಷ್ಟ್ರವಾದ ಅಮೆರಿಕಾ ಸಂಯುಕ್ತ ಸಂಸ್ಥಾನವು ತನ್ನ ಗಡಿಯಲ್ಲಿ ಹಿಡಿದಿರಿಸಿದ ಮಕ್ಕಳ ವಿಷಯದಲ್ಲಿ ಪಾಲಿಸದೆ ಹೋದುದು ಇತ್ತೀಚಿನ ಇತಿಹಾಸದ ಒಂದು ದುಃಖದ ಅಧ್ಯಾಯ. ಅದು ಒಂದೇ ದಿನದಲ್ಲಿ ಘಟಿಸಿದ್ದಲ್ಲ. ಮಗುವಿನ ರಕ್ಷಣೆಗೆಂದು ಹೇಳಿ ರೂಪಿಸಿದ ನಿಯಮವೊಂದು ಮಗುವನ್ನೇ ಒತ್ತೆಯನ್ನಾಗಿ ಮಾಡಿದ ಬಗೆಯನ್ನು ಮೊದಲಿನಿಂದ ನೋಡಿದರೆ ಮಾತ್ರ ಅದು ಅರ್ಥವಾಗುತ್ತದೆ.

ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಡಿಯಾಗೋ ನಗರದ ದಕ್ಷಿಣ ತುದಿಯಲ್ಲಿ ಸ್ಯಾನ್ ಇಸಿದ್ರೋ ಎಂಬ ಸ್ಥಳವಿದೆ. ಅದರಾಚೆಗೆ ಮೆಕ್ಸಿಕೋ ದೇಶದ ತಿಹುವಾನಾ ನಗರ. ನೆಲದ ಮೇಲಿನ ಗಡಿದಾಟುಗಳಲ್ಲಿ ಇದು ಲೋಕದ ಅತ್ಯಂತ ಜನನಿಬಿಡವಾದವುಗಳಲ್ಲೊಂದು. 1985ರಲ್ಲಿ 15 ವರ್ಷದ ಬಾಲಕಿಯೊಬ್ಬಳು ಇದರ ಸಮೀಪ ಬಂಧಿತಳಾದಳು. 32 ವರ್ಷಗಳ ತರುವಾಯ, 2017ರಲ್ಲಿ, ಇದೇ ದ್ವಾರದ ಮುಂದೆ ಎಳೆಯ ಮಗಳ ಕೈ ಹಿಡಿದು ಬಂದ ತಾಯಿಯೊಬ್ಬಳು ಆಶ್ರಯ ಬೇಡಿದಳು. ಈ ಎರಡು ಪ್ರಸಂಗಗಳಿಂದ ಹುಟ್ಟಿದ ಎರಡು ಮೊಕದ್ದಮೆಗಳೇ ಆ ದೇಶದಲ್ಲಿ ವಲಸೆಗಾರ ಮಕ್ಕಳ ಬಂಧನದ ಇತಿಹಾಸಕ್ಕೆ ಮುಖ್ಯ ಆಧಾರಗಳಾಗಿವೆ.

ಇವೆರಡಕ್ಕೂ ಮೊದಲೇ ಇಂತಹ ಬಂಧನ ಅಲ್ಲಿ ಇರಲಿಲ್ಲವೆಂದು ತಿಳಿಯಬಾರದು. 1882ರಲ್ಲಿ ಅಮೆರಿಕಾ ಸರ್ಕಾರವು ಚೀನೀ ಕೂಲಿಕಾರರ ಪ್ರವೇಶವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. 1910ರಿಂದ 1940ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ದ್ವೀಪದಲ್ಲಿದ್ದ ತಪಾಸಣಾ ಠಾಣೆಯಲ್ಲಿ ಚೀನಾ, ಜಪಾನ್ ಮತ್ತು ನಮ್ಮ ಭರತಖಂಡದಿಂದ ಹೋದವರನ್ನು ತಡೆದಿರಿಸಲಾಗುತ್ತಿತ್ತು. ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ವಸತಿ. ತೀರ್ಮಾನವಾಗುವತನಕ ಗಂಡಹೆಂಡಿರೂ ಸಂಧಿಸುವಂತಿರಲಿಲ್ಲ. ಹನ್ನೆರಡು ವಯಸ್ಸು ದಾಟಿದ ಹುಡುಗನು ತಾಯಿಯಿಂದ ಬೇರೆಯಾಗಿ ಅಪರಿಚಿತ ಗಂಡಸರ ನಡುವೆ ಮಲಗಬೇಕಾಗಿತ್ತು.

ಅಲ್ಲಿ ನಡೆಯುತ್ತಿದ್ದ ವಿಚಾರಣೆಯ ವಿಷಯ ಒಂದೇ: ಈ ಹುಡುಗನು ನಿಜವಾಗಿಯೂ ಇವನ ಮಗನೇ? 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಜನನ ದಾಖಲೆಗಳು ಸುಟ್ಟುಹೋದುದರಿಂದ, ಅನೇಕರು ತಾವು ಅಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡು, ಬೇರೆಯವರ ಮಕ್ಕಳನ್ನು ತಮ್ಮ ಮಕ್ಕಳೆಂದು ಕಾಗದದ ಮೇಲೆ ತೋರಿಸಿ ಕರೆತರುತ್ತಿದ್ದರು. ಆದಕಾರಣ ಅಧಿಕಾರಿಗಳು ಹುಡುಗನನ್ನು ಊರಿನ ಮನೆಗೆ ಎಷ್ಟು ಮೆಟ್ಟಿಲು, ಬಾವಿ ಯಾವ ದಿಕ್ಕಿಗೆ, ನೆರೆಮನೆಯಲ್ಲಿ ಯಾರಿದ್ದಾರೆ ಎಂದು ಗಂಟೆಗಟ್ಟಲೆ ಕೇಳಿ, ಅವೇ ಪ್ರಶ್ನೆಗಳಿಗೆ ತಂದೆ ಕೊಟ್ಟ ಉತ್ತರದೊಡನೆ ಹೋಲಿಸುತ್ತಿದ್ದರು. ನಿಜವಾದ ಮಗನೂ ಮೆಟ್ಟಿಲಿನ ಎಣಿಕೆ ತಪ್ಪಿದರೆ ಸಂಶಯಕ್ಕೆ ಗುರಿಯಾಗುತ್ತಿದ್ದನು. ಆದರೂ ಆ ವ್ಯವಸ್ಥೆಯಲ್ಲಿ ಒಂದು ಅಂಶವನ್ನು ನಾವು ಗುರುತಿಸಬೇಕು. ಯಾರ ಮಗು ಯಾರದೆಂಬುದನ್ನು ಅಲ್ಲಿ ಕೇಳಿ, ಬರೆದು, ಕಡತದಲ್ಲಿ ಇಡುತ್ತಿದ್ದರು. ಆ ಪ್ರಶ್ನೋತ್ತರಗಳ ಕಡತಗಳು ಇಂದಿಗೂ ಸಂಶೋಧಕರಿಗೆ ದೊರೆಯುತ್ತವೆ.

ಇನ್ನು 1985ರ ಬಾಲಕಿಯ ವಿಷಯಕ್ಕೆ ಬರೋಣ. ಆಕೆ ಮಧ್ಯ ಅಮೆರಿಕಾದ ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶದವಳು. 1980ರ ಮಾರ್ಚ್ 24ರಂದು ಅಲ್ಲಿನ ಪ್ರಧಾನ ಧರ್ಮಗುರು ಆಸ್ಕರ್ ರೊಮೆರೋ ಅವರನ್ನು ಪೂಜಾವಿಧಿಯ ನಡುವೆಯೇ ಗುಂಡಿಟ್ಟು ಕೊಲ್ಲಲಾಯಿತು. ಸೈನಿಕರ ಕ್ರೌರ್ಯ ನಿಲ್ಲಲೆಂದು ಬಹಿರಂಗವಾಗಿ ಬೇಡಿಕೊಂಡವರು ಅವರು. ಆ ವರ್ಷದಿಂದ 1992ರ ಶಾಂತಿ ಒಪ್ಪಂದದವರೆಗೆ ನಡೆದ ಅಂತರ್ಯುದ್ಧದಲ್ಲಿ ಸುಮಾರು 75,000 ಜನರು ಪ್ರಾಣ ಕಳೆದುಕೊಂಡರು. ಆ ದೇಶದ ಸರ್ಕಾರಕ್ಕೆ ಶಸ್ತ್ರ ಮತ್ತು ಹಣವನ್ನು ಒದಗಿಸುತ್ತಿದ್ದುದು ಅಮೆರಿಕಾ. ತಾನು ಬೆಂಬಲಿಸಿದ ಸರ್ಕಾರದಿಂದ ಜನರು ಪ್ರಾಣಭಯದಿಂದ ಓಡಿಬರುತ್ತಿದ್ದಾರೆಂದು ಒಪ್ಪಿಕೊಳ್ಳುವುದು ಅದಕ್ಕೆ ಕಷ್ಟವಾಯಿತು. 1984ರಲ್ಲಿ ಆಶ್ರಯ ಬೇಡಿದ ಸಾಲ್ವಡಾರಿನವರಲ್ಲಿ ನೂರಕ್ಕೆ ಮೂವರಿಗೂ ಅದು ದೊರೆಯಲಿಲ್ಲ. ಹೀಗಾಗಿ ಸಾವಿರಾರು ಕುಟುಂಬಗಳು ಕದ್ದು ಗಡಿ ದಾಟಿದವು. ಮೊದಲು ತಾಯಿ ಅಥವಾ ತಂದೆ ಹೋಗಿ, ಮನೆಗೆಲಸವನ್ನೋ ಕೂಲಿಯನ್ನೋ ಮಾಡಿ ಹಣ ಕೂಡಿಸಿ, ಅನಂತರ ಮಕ್ಕಳನ್ನು ಕರೆಸಿಕೊಳ್ಳುವುದು ರೂಢಿಯಾಯಿತು.

ಬಂಧಿತಳಾದ ಬಾಲಕಿಯನ್ನು ಲಾಸ್ ಏಂಜಲೀಸ್ ಸಮೀಪದ ಪ್ಯಾಸಡೀನಾದಲ್ಲಿ ಇರಿಸಿದರು. ಅದು ಹಿಂದೆ ಪ್ರಯಾಣಿಕರು ತಂಗುತ್ತಿದ್ದ ಮೋಟೆಲು. ಈಗ ಸುತ್ತಲೂ ತಂತಿಯ ಬೇಲಿ, ನೀರಿಲ್ಲದ ಈಜುಕೊಳ. ಪರಿಚಯವಿಲ್ಲದ ವಯಸ್ಕ ಗಂಡಸರೂ ಹೆಂಗಸರೂ ಅಲ್ಲಿಯೇ ಇದ್ದರು. ಓದುಬರೆಹದ ಏರ್ಪಾಡು ಇರಲಿಲ್ಲ. ಮಕ್ಕಳನ್ನು ವಿವಸ್ತ್ರಗೊಳಿಸಿ ಶೋಧಿಸುವುದು ಅಲ್ಲಿನ ನಿತ್ಯದ ಪದ್ಧತಿಯಾಗಿತ್ತು. ಆಕೆಯನ್ನು ಕರೆದೊಯ್ದು ಸಾಕಲು ತಂದೆತಾಯಿಯ ಒಡಹುಟ್ಟಿದ ಬಂಧುವೊಬ್ಬರು ಸಿದ್ಧರಿದ್ದರೂ ಇಲಾಖೆಯು ಒಪ್ಪಲಿಲ್ಲ. ಏಕೆಂದರೆ ವಲಸೆ ಇಲಾಖೆಯ ಪಶ್ಚಿಮ ವಲಯದ ಮುಖ್ಯಸ್ಥರು 1984ರಲ್ಲಿ ಹೊಸ ನಿಯಮವೊಂದನ್ನು ಜಾರಿಗೆ ತಂದಿದ್ದರು. ಅತ್ಯಂತ ಅಪರೂಪದ ಸಂದರ್ಭಗಳನ್ನುಳಿದು, ಬಂಧಿತ ಮಕ್ಕಳನ್ನು ತಂದೆತಾಯಿಗಳಿಗೆ ಇಲ್ಲವೆ ಕಾನೂನುಬದ್ಧ ಪಾಲಕರಿಗೆ ಮಾತ್ರ ಒಪ್ಪಿಸತಕ್ಕದ್ದು ಎಂಬುದೇ ಆ ನಿಯಮ.

ಈ ನಿಯಮಕ್ಕೆ ಇಲಾಖೆ ಕೊಟ್ಟ ಕಾರಣ ಮೇಲುನೋಟಕ್ಕೆ ಸಮಂಜಸವೇ ಆಗಿತ್ತು: ಗುರುತಿಲ್ಲದವರ ಕೈಗೆ ಮಗುವನ್ನು ಕೊಟ್ಟರೆ ಕೆಡುಕಾಗಬಹುದು, ಮನೆಮನೆಗೆ ಹೋಗಿ ಪರೀಕ್ಷಿಸುವ ಪರಿಣತಿ ತನಗಿಲ್ಲ. ಆದರೆ ಅದರ ಪರಿಣಾಮವೇನಾಯಿತೆಂಬುದನ್ನು ವಿಚಾರಿಸಬೇಕು. ಆ ಮಕ್ಕಳಲ್ಲಿ ಹಲವರ ತಂದೆತಾಯಿಗಳು ಸ್ವತಃ ದಾಖಲೆಪತ್ರವಿಲ್ಲದೆ ದುಡಿಯುತ್ತಿದ್ದವರು. ಮಗುವನ್ನು ಬಿಡಿಸಿಕೊಳ್ಳಲು ಠಾಣೆಗೆ ಬಂದರೆ ಅವರನ್ನೇ ಬಂಧಿಸಿ ಗಡೀಪಾರು ಮಾಡುವ ಭಯವಿತ್ತು. ಬಾರದಿದ್ದರೆ ಮಗು ಬೇಲಿಯೊಳಗೆ ಉಳಿಯುತ್ತಿತ್ತು. ಮಕ್ಕಳನ್ನು ಗಾಳದ ಎರೆಯಾಗಿ ಬಳಸಲಾಗುತ್ತಿದೆಯೆಂದು ಅವರ ಪರ ವಕೀಲರು ಆಪಾದಿಸಿದರು. ತನ್ನ ಮನೆಗೆಲಸದ ಮಹಿಳೆಯ ಮಗಳು ಹೀಗೆ ಬಂಧನದಲ್ಲಿರುವುದನ್ನು ತಿಳಿದ ಚಲನಚಿತ್ರ ನಟ ಎಡ್ ಆಸ್ನರ್ ಅವರು ವಕೀಲರ ನೆರವನ್ನು ಕೋರಿದ್ದು ಈ ವಿಷಯ ನ್ಯಾಯಾಲಯದ ಮೆಟ್ಟಿಲೇರಲು ಕಾರಣಗಳಲ್ಲೊಂದಾಯಿತು. 1985ರ ಜುಲೈ 11ರಂದು ನಾಲ್ವರು ಬಾಲಕಿಯರ ಹೆಸರಿನಲ್ಲಿ, ಅವರಂತಹ ಎಲ್ಲ ಮಕ್ಕಳ ಪರವಾಗಿ ದಾವೆಯನ್ನು ಹೂಡಲಾಯಿತು. ಮೊದಲ ವಾದಿಯ ಕುಲನಾಮದಿಂದ ಅದು ಫ್ಲೋರೆಸ್ ಮೊಕದ್ದಮೆಯೆಂದು ಪ್ರಸಿದ್ಧವಾಯಿತು.

ಮೊಕದ್ದಮೆಯು ಹನ್ನೆರಡು ವರ್ಷ ನಡೆಯಿತು. ಮಕ್ಕಳನ್ನು ವಿವಸ್ತ್ರಗೊಳಿಸಿ ಶೋಧಿಸುವ ಪದ್ಧತಿಗೆ ಕೆಳಗಿನ ನ್ಯಾಯಾಲಯ ತಡೆ ಹಾಕಿತು. 1988ರಲ್ಲಿ ಸರ್ಕಾರವೇ ನಿಯಮವನ್ನು ಕೊಂಚ ಸಡಿಲಿಸಿ ಅಜ್ಜ ಅಜ್ಜಿ, ಅಣ್ಣ ಅಕ್ಕ, ತಂದೆತಾಯಿಗಳ ಒಡಹುಟ್ಟಿದವರು ಇವರಿಗೂ ಮಗುವನ್ನು ಒಪ್ಪಿಸಬಹುದೆಂದು ಹೇಳಿತು. ಬಂಧುವಲ್ಲದ ಹಿತೈಷಿಗಳ ವಿಷಯ ಮಾತ್ರ ಉಳಿಯಿತು. 1993ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಏಳು ಎರಡರ ಬಹುಮತದಿಂದ ಸರ್ಕಾರದ ಪರವಾಗಿ ತೀರ್ಪಿತ್ತಿತು. ಮಕ್ಕಳು ಯಾವಾಗಲೂ ಯಾರದಾದರೂ ವಶದಲ್ಲಿಯೇ ಇರುವವರು. ವಸತಿ ಯೋಗ್ಯವಾಗಿದ್ದರೆ ಸರ್ಕಾರದ ವಶದಲ್ಲಿರುವುದರಲ್ಲಿ ಸಂವಿಧಾನದ ಉಲ್ಲಂಘನೆಯಿಲ್ಲ, ಎಂಬುದು ನ್ಯಾಯಮೂರ್ತಿ ಸ್ಕಾಲಿಯಾ ಅವರು ಬರೆದ ಬಹುಮತದ ತೀರ್ಪಿನ ಸಾರ. ಅದಕ್ಕೆ ಒಪ್ಪದ ನ್ಯಾಯಮೂರ್ತಿ ಸ್ಟೀವನ್ಸ್ ಅವರು, ತಪ್ಪು ಮಾಡದ, ಓಡಿಹೋಗುವ ಸಂಭವವಿಲ್ಲದ ಮಗುವಿಗೂ ಬಂಧನದಿಂದ ಬಿಡುಗಡೆಯಾಗಿರುವ ಹಕ್ಕುಂಟೆಂದು ಪ್ರತಿಪಾದಿಸಿದರು. 1990ರ ಒಂದೇ ವರ್ಷದಲ್ಲಿ ಬಂಧಿತರಾದ ವಿದೇಶೀ ಮಕ್ಕಳ ಸಂಖ್ಯೆ 8,500 ಇದ್ದಿತೆಂದೂ, ಅವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಹಿರಿಯರ ಜೊತೆಯಿಲ್ಲದವರೆಂದೂ ಆ ತೀರ್ಪಿನಿಂದಲೇ ತಿಳಿಯುತ್ತದೆ.

ಗೆದ್ದ ಸರ್ಕಾರವು ಕೊನೆಗೆ ಸೋತವರೊಡನೆ ರಾಜಿ ಮಾಡಿಕೊಂಡಿತೆಂಬುದು ಈ ಮೊಕದ್ದಮೆಯ ವಿಶೇಷ. 1997ರ ಜನವರಿಯಲ್ಲಿ ಒಪ್ಪಂದವಾಯಿತು. ಮಗುವನ್ನು ಅನಾವಶ್ಯಕ ವಿಳಂಬವಿಲ್ಲದೆ ಬಿಡುಗಡೆ ಮಾಡಬೇಕು. ಮೊದಲು ತಂದೆತಾಯಿ, ಆಮೇಲೆ ಕಾನೂನುಬದ್ಧ ಪಾಲಕರು, ವಯಸ್ಕ ಬಂಧುಗಳು, ತಂದೆತಾಯಿ ಹೆಸರಿಸಿದ ಯೋಗ್ಯರು, ಅನಂತರ ಪರವಾನಗಿ ಪಡೆದ ಶಿಶುಪಾಲನಾ ಸಂಸ್ಥೆ, ಹೀಗೆ ಕ್ರಮವಾಗಿ ಒಪ್ಪಿಸಬೇಕು. ಬಂಧನ ಅನಿವಾರ್ಯವಾದಾಗಲೂ ಅತ್ಯಂತ ಕಡಿಮೆ ನಿರ್ಬಂಧವಿರುವ ಕಡೆ ಇರಿಸಿ, ಅನ್ನ ನೀರು ವೈದ್ಯೋಪಚಾರಗಳನ್ನು ಒದಗಿಸಬೇಕು. ಐದು ವರ್ಷದ ಅವಧಿಗೆಂದು ಯೋಚಿಸಿದ್ದ ಈ ಒಪ್ಪಂದವನ್ನು, ಸರ್ಕಾರವು ಇದೇ ಆಶಯದ ನಿಯಮಗಳನ್ನು ರಚಿಸುವವರೆಗೆ ಮುಂದುವರಿಸುವುದೆಂದು 2001ರಲ್ಲಿ ಗೊತ್ತುಪಡಿಸಿದರು. 2002ರ ಕಾಯಿದೆಯು ಒಂಟಿಯಾಗಿ ಬಂದ ಮಕ್ಕಳ ಪಾಲನೆಯನ್ನು ವಲಸೆ ಅಧಿಕಾರಿಗಳಿಂದ ತೆಗೆದು ಆರೋಗ್ಯ ಮತ್ತು ಮಾನವ ಸೇವಾ ಇಲಾಖೆಗೆ ವಹಿಸಿತು. 2008ರ ಕಾಯಿದೆಯು ಅಂತಹ ಮಗುವನ್ನು 72 ಗಂಟೆಗಳೊಳಗೆ ಆ ಇಲಾಖೆಗೆ ಒಪ್ಪಿಸಬೇಕೆಂದು ವಿಧಿಸಿತು. ಹಿಡಿಯುವವರು ಬೇರೆ, ಸಾಕುವವರು ಬೇರೆ ಇರಬೇಕೆಂಬುದು ಇದರ ಹಿಂದಿನ ಸದುದ್ದೇಶ.

2014ರ ಆಯವ್ಯಯ ವರ್ಷದಲ್ಲಿ ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಹೊಂಡುರಾಸ್ ಮತ್ತು ಮೆಕ್ಸಿಕೋಗಳಿಂದ ಒಂಟಿಯಾಗಿ ಬಂದ ಮಕ್ಕಳ ಸಂಖ್ಯೆ ಒಮ್ಮೆಲೇ ಏರಿತು. ದಕ್ಷಿಣದ ಗಡಿಯಲ್ಲಿ ಆ ವರ್ಷ ಹಿಡಿದವರು 68,541 ಮಂದಿ. ತಾಯಂದಿರೊಡನೆ ಬಂದ ಮಕ್ಕಳೂ ಬಹಳವಿದ್ದರು. ಅವರನ್ನು ತಾಯಂದಿರ ಜೊತೆಯಲ್ಲಿಯೇ ಇರಿಸಲು ಸರ್ಕಾರವು ಟೆಕ್ಸಾಸ್ ರಾಜ್ಯದಲ್ಲಿ ದೊಡ್ಡ ಬಂಧನಗೃಹಗಳನ್ನು ತೆರೆಯಿತು. ಫ್ಲೋರೆಸ್ ಒಪ್ಪಂದವು ತಂದೆತಾಯಿಯೊಡನೆ ಬಂದ ಮಕ್ಕಳಿಗೂ ಅನ್ವಯಿಸುತ್ತದೆಂದು 2015ರಲ್ಲಿ ನ್ಯಾಯಾಧೀಶೆ ಡಾಲಿ ಗೀ ಅವರು ತೀರ್ಪಿತ್ತರು. ಅಂತಹ ಗೃಹಗಳಲ್ಲಿ ಮಗುವನ್ನು ಸಾಮಾನ್ಯವಾಗಿ 20 ದಿನಕ್ಕಿಂತ ಹೆಚ್ಚು ಇರಿಸಬಾರದೆಂಬ ಮಿತಿ ಇದರಿಂದ ಬಂದಿತು. ಆಗ ಸರ್ಕಾರದ ಮುಂದೆ ಎರಡು ದಾರಿಗಳಿದ್ದವು: ವಿಚಾರಣೆ ಮುಗಿಯುವವರೆಗೆ ತಾಯಿ ಮಕ್ಕಳಿಬ್ಬರನ್ನೂ ಹೊರಗೆ ಬಿಡುವುದು, ಇಲ್ಲವೆ ತಾಯಿಯನ್ನು ಒಳಗಿಟ್ಟು ಮಗುವನ್ನು ಬೇರೆ ಮಾಡುವುದು. ಮಗುವಿನ ಹಿತಕ್ಕೆಂದು ಬರೆದ ಕಾಗದವನ್ನೇ ಮುಂದೊಡ್ಡಿ ಎರಡನೆಯ ದಾರಿಯನ್ನು ಸಮರ್ಥಿಸುವ ಕಾಲ ಮುಂದೆ ಬಂದಿತು.

2017ರ ನವೆಂಬರ್ 1ರಂದು ಆಫ್ರಿಕಾದ ಕಾಂಗೋ ದೇಶದ ತಾಯಿಯೊಬ್ಬಳು ಸ್ಯಾನ್ ಇಸಿದ್ರೋ ದ್ವಾರಕ್ಕೆ ಬಂದಳು. ಆಕೆ ಕದ್ದು ಬಂದವಳಲ್ಲ. ಅಧಿಕಾರಿಗಳ ಮುಂದೆಯೇ ನಿಂತು ಆಶ್ರಯ ಬೇಡಿದಳು. ಕೆಲವು ದಿನಗಳಲ್ಲಿ ತಾಯಿಯನ್ನು ಸ್ಯಾನ್ ಡಿಯಾಗೋದ ಬಂಧನಗೃಹದಲ್ಲಿ ಉಳಿಸಿಕೊಂಡು, ಮಗಳನ್ನು ಸುಮಾರು 2,000 ಮೈಲು ದೂರದ ಶಿಕಾಗೋ ನಗರಕ್ಕೆ ಕಳುಹಿಸಿದರು. ಮಗಳ ಏಳನೆಯ ಹುಟ್ಟುಹಬ್ಬ ಆ ಅಗಲಿಕೆಯಲ್ಲಿಯೇ ಕಳೆಯಿತು. ಇವಳೇ ತಾಯಿಯೆಂಬುದಕ್ಕೆ ಪುರಾವೆ ಸಾಲದೆಂಬುದು ಸರ್ಕಾರದ ಸಮಜಾಯಿಷಿ. ಆದರೆ ಕೆಲವೇ ದಿನಗಳಲ್ಲಿ ಫಲಿತಾಂಶ ಕೊಡಬಲ್ಲ ಡಿಎನ್‌ಎ ಪರೀಕ್ಷೆಯನ್ನು ನಾಲ್ಕು ತಿಂಗಳು ಮಾಡಿಸಲಿಲ್ಲ. 2018ರ ಫೆಬ್ರುವರಿ 26ರಂದು ಆಕೆಯ ಪರವಾಗಿ ದಾವೆ ಹೂಡಿದ ಮೇಲೆ ಪರೀಕ್ಷೆಯಾಯಿತು, ತಾಯಿಯೆಂಬುದು ಸಿದ್ಧವಾಯಿತು, ಮಾರ್ಚ್‌ನಲ್ಲಿ ತಾಯಿ ಮಕ್ಕಳು ಒಂದಾದರು. ನ್ಯಾಯಾಲಯದ ದಾಖಲೆಗಳಲ್ಲಿ ಆಕೆಯ ಹೆಸರು ಕುಮಾರಿ ಎಲ್ ಎಂದಷ್ಟೇ ಇದೆ.

ಆ ಒಂದು ಪ್ರಕರಣವು ಮುಗಿಯುವ ಹೊತ್ತಿಗೆ ಸಾವಿರಾರು ಪ್ರಕರಣಗಳು ಹುಟ್ಟಿದವು. 2018ರ ಏಪ್ರಿಲ್ 6ರಂದು ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಅವರು ಶೂನ್ಯ ಸಹಿಷ್ಣುತೆಯ ನೀತಿಯನ್ನು ಪ್ರಕಟಿಸಿದರು. ಕದ್ದು ಗಡಿ ದಾಟಿದ ಪ್ರತಿಯೊಬ್ಬ ವಯಸ್ಕನ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡತಕ್ಕದ್ದೆಂಬುದು ಅದರ ತಿರುಳು. ಇದು ನಡೆದ ಬಗೆ ಹೀಗೆ: ತಾಯಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವರು. ಆ ಕ್ಷಣದಿಂದ ಮಗುವು ಕಾಗದದ ಮೇಲೆ ಜೊತೆಯಿಲ್ಲದ ಮಗುವಾಗುವುದು. 2002 ಮತ್ತು 2008ರ ಕಾಯಿದೆಗಳು ನಿಜವಾಗಿಯೂ ಒಂಟಿಯಾಗಿ ಬಂದ ಮಕ್ಕಳಿಗೆಂದು ಮಾಡಿದ ಏರ್ಪಾಡಿನಂತೆ ಅದನ್ನು ಬೇರೆ ಇಲಾಖೆಗೆ, ಅನೇಕ ವೇಳೆ ಬೇರೆ ರಾಜ್ಯಕ್ಕೆ ಕಳುಹಿಸುವರು. ತಾಯಿಯ ಅಪರಾಧ ಚಿಕ್ಕದು. ಎಷ್ಟೋ ಮಂದಿ ತಪ್ಪೊಪ್ಪಿಕೊಂಡು, ಅಷ್ಟರವರೆಗಿನ ಬಂಧನವೇ ಶಿಕ್ಷೆಯೆಂದು ಎಣಿಸಲ್ಪಟ್ಟು ಹಿಂತಿರುಗುವಷ್ಟರಲ್ಲಿ ಮಗುವು ಅಲ್ಲಿ ಇರುತ್ತಿರಲಿಲ್ಲ. 2018ರ ಮೇ 5ರಿಂದ ಜೂನ್ 9ರವರೆಗಿನ ಐದು ವಾರಗಳಲ್ಲಿಯೇ 2,342 ಮಕ್ಕಳು ಹೀಗೆ ಬೇರ್ಪಟ್ಟರೆಂದು ಸರ್ಕಾರವೇ ತಿಳಿಸಿತು.

ಜೂನ್ 18ರಂದು ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯು ಗಡಿ ಕಾವಲು ಠಾಣೆಯೊಂದರಲ್ಲಿ ಮುದ್ರಿತವಾದ ಧ್ವನಿಯನ್ನು ಪ್ರಸಾರ ಮಾಡಿತು. ಅಳುವ ಮಕ್ಕಳ ನಡುವೆ ಎಲ್ ಸಾಲ್ವಡಾರಿನ ಆರು ವರ್ಷದ ಬಾಲೆಯೊಬ್ಬಳು, ತನ್ನ ಬಂಧುವೊಬ್ಬಳಿಗೆ ಫೋನ್ ಮಾಡಿರೆಂದು ಮತ್ತೆಮತ್ತೆ ಬೇಡುವುದು ಅದರಲ್ಲಿ ಕೇಳಿಬಂದಿತು. ತಾಯಿಯ ಒಡಹುಟ್ಟಿದವಳ ಫೋನ್ ಸಂಖ್ಯೆಯನ್ನು ಆಕೆ ಬಾಯಿಪಾಠ ಮಾಡಿಕೊಂಡಿದ್ದಳು. ಮಹಾರಾಷ್ಟ್ರವೊಂದರ ಎರಡು ಇಲಾಖೆಗಳು ಬರೆದಿಡದ ರಸೀದಿಯನ್ನು ಆರು ವರ್ಷದ ಮಗು ತನ್ನ ನೆನಪಿನಲ್ಲಿ ಇಟ್ಟುಕೊಂಡಿತ್ತು. ಅದೇ ದೇಶದ ಇನ್ನೊಬ್ಬ ಬಾಲಕಿ, ಇನ್ನೊಬ್ಬ ಬಂಧು, ಅದೇ ಬೇಲಿ. ಫ್ಲೋರೆಸ್ ಮೊಕದ್ದಮೆಯಾಗಿ 33 ವರ್ಷಗಳಾಗಿದ್ದವು. ಎರಡು ದಿನಗಳ ತರುವಾಯ ರಾಷ್ಟ್ರಾಧ್ಯಕ್ಷ ಟ್ರಂಪ್ ಅವರು ಕುಟುಂಬಗಳನ್ನು ಬೇರ್ಪಡಿಸುವುದನ್ನು ನಿಲ್ಲಿಸುವ ಆಜ್ಞೆಗೆ ಸಹಿ ಹಾಕಿದರು.

ನಿಲ್ಲಿಸುವ ಆಜ್ಞೆಯಲ್ಲಿ ಕೂಡಿಸುವ ಏರ್ಪಾಡು ಇರಲಿಲ್ಲ. ಜೂನ್ 26ರಂದು, ಕುಮಾರಿ ಎಲ್ ಅವರ ಮೊಕದ್ದಮೆಯನ್ನು ವಿಚಾರಿಸುತ್ತಿದ್ದ ಸ್ಯಾನ್ ಡಿಯಾಗೋದ ನ್ಯಾಯಾಧೀಶ ಡೇನಾ ಸಬ್ರಾ ಅವರು, ಐದು ವರ್ಷದೊಳಗಿನ ಮಕ್ಕಳನ್ನು 14 ದಿನಗಳಲ್ಲಿಯೂ ಉಳಿದವರನ್ನು 30 ದಿನಗಳಲ್ಲಿಯೂ ತಂದೆತಾಯಿಗಳಿಗೆ ಒಪ್ಪಿಸಬೇಕೆಂದು ಆದೇಶಿಸಿದರು. ಆ ಆದೇಶದಲ್ಲಿ ಅವರು ಗಮನಿಸಿದ ಒಂದು ಸಂಗತಿ ವ್ಯವಹಾರ ಬಲ್ಲವರೆಲ್ಲರೂ ಮನಸ್ಸಿಗೆ ತಂದುಕೊಳ್ಳತಕ್ಕದ್ದು. ಬಂಧಿತನ ಹಣ, ಕಾಗದಪತ್ರ, ವಾಹನ ಇವುಗಳಿಗೆಲ್ಲ ಸರ್ಕಾರವು ತಪ್ಪದೆ ಲೆಕ್ಕವಿಡುತ್ತದೆ, ಬಿಡುಗಡೆಯಾದಾಗ ಮರಳಿಸುತ್ತದೆ. ಮಕ್ಕಳಿಗೆ ಮಾತ್ರ ಅಷ್ಟು ನಿಖರವಾದ ಲೆಕ್ಕ ಇರಲಿಲ್ಲ. ಹಿಡಿದ ಇಲಾಖೆಯ ಗಣಕಯಂತ್ರಕ್ಕೂ ಸಾಕಿದ ಇಲಾಖೆಯ ಗಣಕಯಂತ್ರಕ್ಕೂ ನೇರ ಸಂಪರ್ಕವಿರಲಿಲ್ಲವೆಂದು ಸರ್ಕಾರದ ಆಂತರಿಕ ತಪಾಸಣಾಧಿಕಾರಿಗಳೇ ಆ ವರ್ಷ ವರದಿ ಮಾಡಿದರು. ನೂರಾರು ತಂದೆತಾಯಿಗಳನ್ನು ಮಗುವಿಲ್ಲದೆಯೇ ಗಡೀಪಾರು ಮಾಡಿ ಆಗಿತ್ತು. ಅವರನ್ನು ಹುಡುಕುತ್ತ ಸ್ವಯಂಸೇವಕರು ಗ್ವಾಟೆಮಾಲಾ, ಹೊಂಡುರಾಸ್‌ಗಳ ಬೆಟ್ಟದ ಹಳ್ಳಿಗಳನ್ನು ಅಲೆಯಬೇಕಾಯಿತು.

2017ರಿಂದ ನಡೆದ ಎಲ್ಲ ಬೇರ್ಪಡಿಕೆಗಳನ್ನು ಸೇರಿಸಿ ಮಕ್ಕಳ ಪರ ವಕೀಲರು ಮಾಡಿದ ಎಣಿಕೆಯು ಐದೂವರೆ ಸಾವಿರವನ್ನು ಮೀರಿತು. 2021ರಲ್ಲಿ ಹೊಸ ಸರ್ಕಾರವು ನೇಮಿಸಿದ ಕಾರ್ಯಪಡೆಯ ಎಣಿಕೆಯ ವ್ಯಾಪ್ತಿ ಇದಕ್ಕಿಂತ ಕಿರಿದು. ಅದರ ಪ್ರಕಾರ ಬೇರ್ಪಟ್ಟವರು 3,924 ಮಕ್ಕಳು. 2023ರ ಫೆಬ್ರುವರಿಯಲ್ಲಿಯೂ ಅವರಲ್ಲಿ 998 ಮಂದಿ ತಂದೆತಾಯಿಗಳನ್ನು ಸೇರಿದ್ದು ದೃಢಪಟ್ಟಿರಲಿಲ್ಲ. ಐದು ವಾರಗಳ ಉತ್ಸಾಹದಲ್ಲಿ ಬಿಚ್ಚಿದ ಗಂಟನ್ನು ಐದು ವರ್ಷಗಳಲ್ಲಿಯೂ ಪುನಃ ಕಟ್ಟಲಾಗಲಿಲ್ಲ. 2023ರ ಡಿಸೆಂಬರ್‌ನಲ್ಲಿ ಸಬ್ರಾ ಅವರು ಅಂಗೀಕರಿಸಿದ ರಾಜಿಯು ಅಂತಹ ನೀತಿಯನ್ನು ಎಂಟು ವರ್ಷಗಳ ಕಾಲ ಪುನಃ ಜಾರಿಗೆ ತರದಂತೆ ನಿರ್ಬಂಧಿಸಿತು.

ಇದೇ ಕಾಲದ ಇನ್ನೊಂದು ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. 2018ರ ಏಪ್ರಿಲ್‌ನಲ್ಲಿ ಹಿಡಿಯುವ ಇಲಾಖೆಗೂ ಸಾಕುವ ಇಲಾಖೆಗೂ ನಡುವೆ ಒಪ್ಪಂದವೊಂದಾಗಿ, ಮಗುವನ್ನು ಕರೆದೊಯ್ಯಲು ಮುಂದೆ ಬಂದ ಬಂಧುಗಳ ಬೆರಳಚ್ಚು ಮತ್ತು ವಿವರಗಳು ವಲಸೆ ಅಧಿಕಾರಿಗಳಿಗೆ ದೊರೆಯುವಂತಾಯಿತು. ಆ ವರ್ಷದ ಜುಲೈನಿಂದ ನವೆಂಬರ್‌ವರೆಗೆ ಹೀಗೆ ಮುಂದೆ ಬಂದ 170 ಮಂದಿಯನ್ನು ಬಂಧಿಸಿದರು. ಅವರಲ್ಲಿ 109 ಜನರ ಮೇಲೆ ಹಿಂದಿನ ಯಾವ ಅಪರಾಧದ ದಾಖಲೆಯೂ ಇರಲಿಲ್ಲ. ಬಂಧುಗಳು ಹೆದರಿ ಹಿಂಜರಿದರು. ಮಕ್ಕಳು ವಸತಿಗಳಲ್ಲಿ ಉಳಿದುಕೊಂಡರು. ವರ್ಷದ ಕೊನೆಗೆ ಅವರ ಸಂಖ್ಯೆ 14,000 ದಾಟಿತು. 2019ರಲ್ಲಿ ಅಲ್ಲಿನ ಶಾಸನಸಭೆಯು ಇಂತಹ ಬಂಧನಗಳಿಗೆ ಕಡಿವಾಣ ಹಾಕಿತು. 2021ರಲ್ಲಿ ಆ ಒಪ್ಪಂದವೇ ರದ್ದಾಯಿತು. 1985ರ ಗಾಳವು 2018ರಲ್ಲಿ ಹೊಸ ದಾರದೊಡನೆ ನೀರಿಗೆ ಬಿದ್ದಿತ್ತೆಂಬುದಂತೂ ಸ್ಪಷ್ಟ.

ಸರ್ಕಾರದ ಪರವಾಗಿ ಹೇಳಬಹುದಾದುದನ್ನೂ ಹೇಳದಿದ್ದರೆ ಈ ಲೇಖನವು ಏಕಾಂತವಾದದ ದೋಷಕ್ಕೆ ಗುರಿಯಾದೀತು. ತನ್ನ ಗಡಿಯನ್ನು ಕಾಯುವ ಅಧಿಕಾರ ಪ್ರತಿಯೊಂದು ದೇಶಕ್ಕೂ ಉಂಟು. ಮಕ್ಕಳನ್ನು ಸಾಗಿಸಿ ಹಣ ಮಾಡುವ ದುಷ್ಟರಿರುವುದೂ ನಿಜ. 2014ರಲ್ಲಿ ಗ್ವಾಟೆಮಾಲಾದ ಕೆಲವು ಹುಡುಗರನ್ನು, ಪರಿಚಿತರೆಂದು ಹೇಳಿಕೊಂಡು ಬಂದವರ ಕೈಗೆ ಸರಿಯಾಗಿ ವಿಚಾರಿಸದೆ ಒಪ್ಪಿಸಿದ ಪರಿಣಾಮವಾಗಿ, ಆ ಹುಡುಗರು ಓಹಾಯೋ ರಾಜ್ಯದ ಮೇರಿಯನ್ ಎಂಬಲ್ಲಿ ಕೋಳಿಮೊಟ್ಟೆಯ ಕ್ಷೇತ್ರದಲ್ಲಿ ಜೀತದಾಳುಗಳಂತೆ ದುಡಿಯಬೇಕಾಯಿತು. ಸೆನೆಟ್ ಉಪಸಮಿತಿಯು 2016ರಲ್ಲಿ ಇದನ್ನು ಕುರಿತು ಕಟುವಾಗಿ ಬರೆಯಿತು. ಅವಸರದ ಬಿಡುಗಡೆಯೂ ಹಿಂಸೆಯಾಗಬಲ್ಲದು. ಆದಕಾರಣ ಕೈಚಾಚಿ ಬಂದವರನ್ನು ಪರೀಕ್ಷಿಸಲೇಬೇಕು. ಪರೀಕ್ಷೆ ಯಾರ ಸಲುವಾಗಿ ಎಂಬುದೇ ಪ್ರಶ್ನೆ. ಈ ಕೈಯಲ್ಲಿ ಮಗು ಕ್ಷೇಮವಾಗಿರುವುದೇ ಎಂದು ನೋಡುವುದು ರಕ್ಷಣೆ. ಮಗುವನ್ನು ತೋರಿಸಿ ಆ ಕೈಗೇ ಬೇಡಿ ತೊಡಿಸುವುದು ಒತ್ತೆಯ ವ್ಯವಹಾರ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಮೇಜಿನ ಮೇಲೆ, ಒಂದೇ ಬಗೆಯ ಅರ್ಜಿಯಲ್ಲಿ ನಡೆಯುತ್ತವೆ.

ನಮ್ಮ ಪೂರ್ವಾಚಾರ್ಯರು ಈ ವ್ಯತ್ಯಾಸವನ್ನು ಬಲ್ಲವರಾಗಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಎಣಿಸುವ ಐದು ಅತಿಚಾರಗಳಲ್ಲಿ ಬಂಧವೇ ಮೊದಲನೆಯದು. ಹೊಡೆತ, ಅಂಗಚ್ಛೇದ, ಅತಿಭಾರ, ಅನ್ನಪಾನನಿರೋಧಗಳು ಆಮೇಲಿನವು. ಗೃಹಸ್ಥನಿಗೆ ದನಕರುವನ್ನು ಕಟ್ಟದೆ ತೀರದು. ಕಟ್ಟಬೇಕಾಗಿ ಬಂದಾಗಲೂ, ಬೆಂಕಿ ಬಿದ್ದರೆ ಸುಲಭವಾಗಿ ಬಿಚ್ಚಬಹುದಾದ ಸಡಿಲ ಗಂಟನ್ನೇ ಹಾಕಬೇಕೆಂದು ಶ್ರಾವಕಾಚಾರದ ವ್ಯಾಖ್ಯಾನಗಳು ವಿವರಿಸುತ್ತವೆ. ಕಟ್ಟುವಾಗಲೇ ಬಿಚ್ಚುವುದನ್ನು ಯೋಚಿಸತಕ್ಕದ್ದೆಂಬುದು ಇದರ ಅರ್ಥ. ತಾಯಿಯ ಹೆಸರನ್ನು ಬರೆದುಕೊಳ್ಳದೆ ಮಗುವನ್ನು 2,000 ಮೈಲು ದೂರಕ್ಕೆ ಕಳುಹಿಸುವುದು ಬಿಚ್ಚಲಾಗದ ಗಂಟು.

ಇದು ಪರದೇಶದ ಕಥೆಯೆಂದು ತಳ್ಳಿಹಾಕುವಂತಿಲ್ಲ. 2019ರ ಜೂನ್‌ನಲ್ಲಿ ಅರಿಜೋನಾದ ಮರುಭೂಮಿಯಲ್ಲಿ, ತಾಯಿ ನೀರು ಹುಡುಕಲು ಹೋಗಿದ್ದಾಗ, ಬಿಸಿಲಿನ ತಾಪಕ್ಕೆ ಸತ್ತ ಆರು ವರ್ಷದ ಬಾಲಕಿ ಭಾರತದವಳು. 2022ರ ಜನವರಿಯಲ್ಲಿ ಕೆನಡಾದ ಮ್ಯಾನಿಟೋಬಾ ಗಡಿಯ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತ ತಂದೆ, ತಾಯಿ ಮತ್ತು ಇಬ್ಬರು ಮಕ್ಕಳು ಗುಜರಾತಿನ ಡಿಂಗುಚಾ ಗ್ರಾಮದವರು. 2025ರ ಫೆಬ್ರುವರಿ 5ರಂದು ಅಮೆರಿಕಾದ ಸೈನಿಕ ವಿಮಾನವು ಅಮೃತಸರಕ್ಕೆ ತಂದಿಳಿಸಿದ 104 ಮಂದಿ ನಮ್ಮ ದೇಶದವರಲ್ಲಿ ಮಕ್ಕಳೂ ಇದ್ದರು. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳ ಮಕ್ಕಳು ಮೊಮ್ಮಕ್ಕಳು ಇಂದು ಅಮೆರಿಕಾದಲ್ಲಿ ನೆಲಸಿದ್ದಾರೆ. ಅವರು ವೀಸಾ ಪಡೆದು, ವಿಮಾನದಲ್ಲಿ ಹೋದವರು. ಹಾಗೆ ಹೋಗಲು ಓದು, ಹಣ, ಕಾಗದಪತ್ರ ಎಲ್ಲವೂ ಅನುಕೂಲಿಸಿದ್ದವು. ಅವಿಲ್ಲದವರನ್ನು ಬೇರೆ ಜಾತಿಯ ಜನರೆಂದು ಎಣಿಸುವ ಮನಸ್ಸು ಬಹು ಸುಲಭವಾಗಿ ಬರುತ್ತದೆ. ಮಗುವಿನ ಮಟ್ಟಿಗಾದರೂ ಆ ಎಣಿಕೆಯನ್ನು ಬಿಡಬೇಕು. ಗಡಿ ದಾಟುವ ನಿರ್ಧಾರವನ್ನು ಆರು ವರ್ಷದ ಮಗು ಮಾಡಿರುವುದಿಲ್ಲ.

ನಮ್ಮ ಜಾತ್ರೆ ಉತ್ಸವಗಳ ಜನಸಂದಣಿಯಲ್ಲಿ ತಪ್ಪಿಸಿಕೊಂಡ ಮಗು ಸಿಕ್ಕಿದರೆ, ಸಿಕ್ಕಿದವನು ಮೊದಲು ಕೇಳುವುದು ಒಂದೇ ಮಾತು: "ಯಾರ ಮಗುವಪ್ಪಾ ನೀನು?" ಊರು ಯಾವುದು, ತಂದೆಯ ಕಸುಬೇನು, ಟಿಕೇಟು ಕೊಂಡು ಬಂದರೋ ಇಲ್ಲವೋ ಎಂಬ ವಿಚಾರಗಳೆಲ್ಲ ಆಮೇಲಿನವು. ಬಲ್ಲ ತಾಯಂದಿರು ಮಗುವಿನ ಜೇಬಿನಲ್ಲಿ ಹೆಸರು ಬರೆದ ಚೀಟಿಯನ್ನು ಇಟ್ಟೇ ಜಾತ್ರೆಗೆ ಹೊರಡುತ್ತಾರೆ. ಎಲ್ ಸಾಲ್ವಡಾರಿನ ತಾಯಿಯೂ ಅಂತಹದೇ ಕೆಲಸ ಮಾಡಿದ್ದಳು. ಮಗುವಿನ ಬಾಯಲ್ಲಿದ್ದ ಆ ಸಂಖ್ಯೆಗೆ ಕೊನೆಗೆ ಅವರ ದೇಶದ ದೂತಾವಾಸದ ಪ್ರತಿನಿಧಿಯೊಬ್ಬರು ಕರೆ ಮಾಡಿಕೊಟ್ಟರು. 2018ರ ಜುಲೈನಲ್ಲಿ ಆ ಮಗು ತನ್ನ ತಾಯಿಯನ್ನು ಸೇರಿತು. ಅಷ್ಟು ದೊಡ್ಡ ಸಂಖ್ಯೆಯನ್ನು ಬಾಯಿಪಾಠ ಮಾಡಲಾಗದ ಎಷ್ಟೋ ಕಿರಿಯ ಮಕ್ಕಳೂ ಆ ದಿನಗಳಲ್ಲಿ ಬೇರ್ಪಟ್ಟಿದ್ದರು. ಅವರ ಪರವಾಗಿ ಬರೆದಿಟ್ಟುಕೊಳ್ಳಬೇಕಾದವರು ಅವರನ್ನು ವಶಕ್ಕೆ ತೆಗೆದುಕೊಂಡ ಹಿರಿಯರೇ ಆಗಿದ್ದರು.